ಅಪ್‌ಡೇಟ್: ಮ್ಯಾನ್‌ಹಟನ್ ಚೈನಾಟೌನಿನಲ್ಲಿ ಅಮ್ಮನಿಗೆ ಸಿಕ್ಕ ಸಿಹಿತಿಂಡಿ

ಮಾಂಸ ತಿನ್ನದ, ಆದರೆ ಮೊಟ್ಟೆಗೆ ಅಡ್ಡಿಯಿಲ್ಲದ ಅಮ್ಮನಿಗೆ ನ್ಯೂಯಾರ್ಕಿನ ಚೈನಾಟೌನಿನಲ್ಲಿ ಕಡಿಮೆ ಬೆಲೆಯ ಸಿಹಿತಿಂಡಿ ಎಲ್ಲಿ ಸಿಗುತ್ತದೆ ಎಂದು ಕಳೆದ ವಾರ ಕೇಳಿದ್ದೆ. ನಿಮ್ಮಲ್ಲೊಬ್ಬರು ಸೂಚಿಸಿದ ಬ್ಯಾಕ್ಸ್‌ಟರ್ ಬೀದಿಯ ಕಾಮ್ ಹಿಂಗ್ ಅಂಗಡಿಯ ಸ್ಪಾಂಜ್ ಕೇಕೇ ನಮಗೆ ಒಗ್ಗಿತು. ಹತ್ತಿಯಂತೆ ಹಗುರವಾದ ಆ ಪುಟ್ಟ ಕೇಕನ್ನು ಅಮ್ಮ ಅಲ್ಲಿಯೇ ಎರಡು ತಿಂದು, ಮನೆಗೂ ಕಟ್ಟಿಸಿಕೊಂಡರು. ನಿಮ್ಮಲ್ಲಿ ಸೂಚಿತವಾದ ಇನ್ನೊಂದು ಅಂಗಡಿ, ಬೇಯರ್ಡ್ ಬೀದಿಯ ಮೇ ಲೈ ವಾ, ಹೆಸರಾಗಿರುವುದು ಹಂದಿಮಾಂಸ ತುಂಬಿದ ಬನ್ನುಗಳಿಗೆ, ಆದ್ದರಿಂದ ಆ ಸಲಹೆ ನಮಗೆ ಹೊಂದಲಿಲ್ಲ.

ನನಗೆ ಅಚ್ಚರಿ ತಂದದ್ದು ಅಲ್ಲಿ ಸಿಗುವ ಹಾಂಗ್‌ಕಾಂಗ್ ಶೈಲಿಯ ಅನಾನಸ್ ಬನ್. ಅದರಲ್ಲಿ ಅನಾನಸ್ ಇರುವುದೇ ಇಲ್ಲ. ಬಿರುಕುಬಿಟ್ಟ ಸಿಹಿ ಮೇಲ್ಪದರವು ಹಣ್ಣಿನ ಸಿಪ್ಪೆಯಂತೆ ಕಾಣುವುದರಿಂದ ಆ ಹೆಸರು ಬಂದಿದೆ, ಮತ್ತು ಹಾಂಗ್‌ಕಾಂಗ್ ಸರ್ಕಾರ 2014ರಲ್ಲಿ ಅದರ ತಯಾರಿಕೆಯನ್ನು ತನ್ನ ಅಮೂರ್ತ ಪರಂಪರೆಯ (ಕೌಶಲ, ಆಚರಣೆಗಳಂಥವುಗಳ) ಪಟ್ಟಿಗೆ ಸೇರಿಸಿದೆ. ಮೊಟ್ಟೆಯ ಕಸ್ಟರ್ಡ್ ತುಂಬಿದ ಪುಟ್ಟ ತಿನಿಸಾದ ಎಗ್ ಟಾರ್ಟಿನ ಪದರಗಳಿಗೆ ಹಂದಿಕೊಬ್ಬು ಬಳಸುವುದುಂಟಾದ್ದರಿಂದ, ಸಸ್ಯಾಹಾರಿಗಳು ದಯವಿಟ್ಟು ವಿಚಾರಿಸಿಯೇ ಕೊಳ್ಳಿರಿ.