ಅಪ್ಪನಿಗೆ ಇನ್ನೂ ಕೀಮೋ ಕೊಡಿಸಬೇಕೇ?

ಪ್ರಶ್ನೆ:

ಡಾಕ್ಟರಿಗೆ ನಮಸ್ಕಾರ. ನಮ್ಮ ಅಪ್ಪನಿಗೆ 69 ವರ್ಷ. ಸಕಲೇಶಪುರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ 35 ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ದೀಪಾವಳಿಯ ಹೊತ್ತಿಗೆ ಕಣ್ಣು ಹಳದಿಯಾಯಿತು. ಕಾಮಾಲೆ ಇರಬೇಕೆಂದು ಊರಿನಲ್ಲೇ ಸೊಪ್ಪಿನ ಮದ್ದು ಕುಡಿಸಿದೆವು. ಇಳಿಯದಿದ್ದಾಗ ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದರೆ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರಿಗೂ ಹರಡಿದೆ ಎಂದರು. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆಮೇಲೆ ಎರಡು ವಾರಕ್ಕೊಮ್ಮೆ ಫೋಲ್ಫಿರಿನಾಕ್ಸ್ ಎಂಬ ಕೀಮೋ, 8 ಸಲ. ನಡುವೆ ಮಾಡಿಸಿದ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು, ಮನೆಯಲ್ಲಿ ಪಾಯಸ ಮಾಡಿದ್ದೆವು. ಈಗಿನ ಸ್ಕ್ಯಾನಿನಲ್ಲಿ ಲಿವರಿನ ಗಡ್ಡೆಗಳು ಬೆಳೆದಿವೆ, ಹೊಸದಾಗಿ ಎರಡು ಕಾಣಿಸಿಕೊಂಡಿವೆ. ಅಲ್ಲಿನ ಡಾಕ್ಟರು, "ಜೆಮ್‌ಸಿಟಬಿನ್ ಜೊತೆಗೆ ಇನ್ನೊಂದು ಔಷಧ ಇದೆ. ಮೂರು ವಾರ ವಾರಕ್ಕೊಂದು, ನಾಲ್ಕನೆಯ ವಾರ ಬಿಡುವು. ಬೇಕಾದರೆ ಶುರು ಮಾಡೋಣ" ಎಂದಿದ್ದಾರೆ. ಆ "ಬೇಕಾದರೆ" ನನ್ನ ನಿದ್ದೆ ಕೆಡಿಸಿದೆ.

ಅಪ್ಪ 74 ಕಿಲೋ ಇದ್ದವರು 56ಕ್ಕೆ ಇಳಿದಿದ್ದಾರೆ. ಪಾದಗಳು ಎಷ್ಟು ಜೋಮು ಹಿಡಿದಿವೆ ಎಂದರೆ ಚಪ್ಪಲಿ ಜಾರಿಹೋದರೂ ತಿಳಿಯುವುದಿಲ್ಲ. ಅಂಗಿಯ ಗುಂಡಿ ಅಮ್ಮನೇ ಹಾಕಬೇಕು. ಆದರೂ ಸ್ನಾನ ತಾವೇ ಮಾಡುತ್ತಾರೆ, ಸಂಜೆ ಜಗಲಿಯಲ್ಲಿ ಕೂರುತ್ತಾರೆ. ಅಮೆರಿಕದಲ್ಲಿರುವ ಅಣ್ಣ, "ಯಾವ ಕಾರಣಕ್ಕೂ ನಿಲ್ಲಿಸಬೇಡ, ದುಡ್ಡು ನಾನು ಕಳಿಸುತ್ತೇನೆ" ಎನ್ನುತ್ತಾನೆ. ಅಪ್ಪನಿಗೆ ಕ್ಯಾನ್ಸರ್ ಎಂದು ನಾವು ಹೇಳಿಲ್ಲ, "ಪಿತ್ತದ ಗಡ್ಡೆ" ಎಂದಿದ್ದೇವೆ. ಬೇಡ ಎಂದರೆ ನಾನೇ ಕೈಯಾರೆ ಅಪ್ಪನನ್ನು... ಮುಂದೆ ಬರೆಯಲಾರೆ. ಏನು ಮಾಡಲಿ?

ಉತ್ತರ:

ತಾಯಿ, ನಾನು ನೋವು ಮತ್ತು ಉಪಶಾಮಕ ಆರೈಕೆಯ, ಅಂದರೆ ರೋಗ ವಾಸಿಯಾಗದಿದ್ದರೂ ನರಳಾಟ ಇಳಿಸುವ ಆರೈಕೆಯ ವೈದ್ಯ. ನಿಮ್ಮ ತಂದೆಯ ಹೊಟ್ಟೆ ಮುಟ್ಟಿ ನೋಡಿದವನಲ್ಲ, ಕಾಗದಪತ್ರ ಕಂಡವನಲ್ಲ. ಕೊಡಿಸಿ ಅಥವಾ ಬಿಡಿ ಎಂದು ಇಲ್ಲಿ ಕುಳಿತು ಹೇಳುವುದು ತಪ್ಪಾಗುತ್ತದೆ. ಎಲ್ಲಿಂದ ಯೋಚಿಸಲು ಶುರು ಮಾಡಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲು ಆ "ಬೇಕಾದರೆ". ವಾಸಿಯಾಗುವ ಕ್ಯಾನ್ಸರಿಗೆ ಯಾವ ವೈದ್ಯರೂ "ಬೇಕಾದರೆ" ಎನ್ನುವುದಿಲ್ಲ, ಸೋಮವಾರ ಬನ್ನಿ ಎನ್ನುತ್ತಾರೆ. ಲಾಭ ಕಡಿಮೆ ಎಂದು ಅವರಿಗೇ ಅನ್ನಿಸಿದಾಗ, ಅದನ್ನು ನೇರವಾಗಿ ಹೇಳಲು ಬಾಯಿ ಬಾರದೆ ಹೊರಡುವ ಮಾತು ಅದು. ನಾನೂ ಆಡಿದ್ದೇನೆ, ಆಮೇಲೆ ನಾಚಿಕೊಂಡಿದ್ದೇನೆ. ಮುಂದಿನ ಭೇಟಿಯಲ್ಲಿ ಬಾಗಿಲು ಹಾಕಿಕೊಂಡು ಕೇಳಿ: ಈ ಔಷಧ ತುಂಬ ಚೆನ್ನಾಗಿ ಕೆಲಸ ಮಾಡಿದರೆ ಏನಾಗುತ್ತದೆ, ಕೆಟ್ಟದ್ದಾದರೆ ಏನಾಗುತ್ತದೆ, ಕೊಡದೇ ಇದ್ದರೆ ಏನಾಗುತ್ತದೆ? ಮೂರಕ್ಕೂ ಉತ್ತರ ಪಡೆಯದೆ ಎದ್ದು ಬರಬೇಡಿ.

ಅಂಕಿಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಹೇಗೂ ನೀವು ಮೊಬೈಲಿನಲ್ಲಿ ಹುಡುಕಿರುತ್ತೀರಿ. ನಿಮ್ಮ ತಂದೆ ಪಡೆದ ಫೋಲ್ಫಿರಿನಾಕ್ಸನ್ನು ಬರೀ ಜೆಮ್‌ಸಿಟಬಿನ್ ಜೊತೆ ಹೋಲಿಸಿದ ಫ್ರಾನ್ಸಿನ ಅಧ್ಯಯನ 2011ರಲ್ಲಿ ಬಂತು. ಬದುಕಿದ ಅವಧಿಯ ಮಧ್ಯಾಂಕ ಫೋಲ್ಫಿರಿನಾಕ್ಸ್ ಪಡೆದವರಲ್ಲಿ 11.1 ತಿಂಗಳು, ಇನ್ನೊಂದು ಗುಂಪಿನಲ್ಲಿ 6.8. ಈಗ ಹೇಳುತ್ತಿರುವ ಜೋಡಿ ಔಷಧ ಬಹುಶಃ ಜೆಮ್‌ಸಿಟಬಿನ್ ಮತ್ತು ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್. ಅದರ 2013ರ ಅಧ್ಯಯನದಲ್ಲಿ ಜೋಡಿ ಔಷಧ ಪಡೆದವರಲ್ಲಿ 8.5 ತಿಂಗಳು, ಬರೀ ಜೆಮ್‌ಸಿಟಬಿನ್ ಪಡೆದವರಲ್ಲಿ 6.7. ಮಧ್ಯಾಂಕ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ ಬದುಕಿದರು, ಅರ್ಧದಷ್ಟು ಜನ ಹೆಚ್ಚು ಬದುಕಿದರು ಎಂದಷ್ಟೇ. ಯಾರ ಹಣೆಬರಹವೂ ಅದರಲ್ಲಿಲ್ಲ. ಆದರೆ ಇವೆರಡೂ ಮೊದಲ ಸಲ ಕೀಮೋ ಪಡೆದ, ಓಡಾಡಿಕೊಂಡಿದ್ದ ರೋಗಿಗಳ ಲೆಕ್ಕ. ಒಂದು ಔಷಧವನ್ನು ಮೀರಿ ಬೆಳೆದ ಮೇಲೆ ಎರಡನೆಯದರಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ಜೋಮಿನ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ಮೊದಲ ಕೀಮೋದಲ್ಲಿದ್ದ ಆಕ್ಸಾಲಿಪ್ಲಾಟಿನ್ ನರಗಳಿಗೆ ಪೆಟ್ಟು ಕೊಟ್ಟಿದೆ. ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಅದೇ ನರಗಳ ಮೇಲೆ ಮತ್ತೆ ಬೀಳುತ್ತದೆ. ಗುಂಡಿ ಹಾಕಲಾಗದ ಕೈ ನಾಳೆ ತುತ್ತು ಎತ್ತಲೂ ಕಷ್ಟಪಡಬಹುದು. ಜೆಮ್‌ಸಿಟಬಿನ್ ಒಂದನ್ನೇ ಕೊಡಬಹುದೇ, ಹಾಸನದಲ್ಲೇ ಕೊಡಬಹುದೇ ಎಂದು ಕೇಳಿ. ಏಕೆಂದರೆ ದಾರಿಯೂ ಒಂದು ಔಷಧದ ಹಾಗೆ, ಅದಕ್ಕೂ ಅಡ್ಡಪರಿಣಾಮವಿದೆ. ಸಕಲೇಶಪುರದಿಂದ ಬೆಂಗಳೂರಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು. ಹಿಂದಿನ ದಿನ ಹೊರಡಬೇಕು, ಮರುದಿನ ರಕ್ತಪರೀಕ್ಷೆ ಮತ್ತು ಡ್ರಿಪ್, ಅದರ ಮರುದಿನ ವಾಪಸ್, ಆಮೇಲೆ ಎರಡು ದಿನ ಹಾಸಿಗೆ. ಒಂದು ಸಲಕ್ಕೆ ಐದು ದಿನ ಹೋಯಿತು. 28 ದಿನದ ಸುತ್ತಿನಲ್ಲಿ ಮೂರು ಸಲ ಎಂದರೆ 15 ದಿನ. ಜಗಲಿಯ ಸಂಜೆಗೆ ಉಳಿದದ್ದು 13. ಔಷಧ ಎಷ್ಟು ದಿನ ಕೊಡಬಹುದು ಎಂಬುದರ ಪಕ್ಕದಲ್ಲಿ, ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂಬುದನ್ನೂ ಬರೆದುಕೊಳ್ಳಿ.

ಇಷ್ಟೆಲ್ಲ ಲೆಕ್ಕ ಮಾಡಬೇಕಾದವರು ನೀವಲ್ಲ, ನಾನೂ ಅಲ್ಲ. 35 ವರ್ಷ ಎಸ್ಟೇಟಿನ ಹಾಜರಿ, ಬಟವಾಡೆ ಬರೆದ ಮನುಷ್ಯನಿಗೆ ತನ್ನ ದೇಹದ ಲೆಕ್ಕ ತಿಳಿದಿಲ್ಲ ಎಂದುಕೊಂಡಿದ್ದೀರಾ? ತೂಕ 18 ಕಿಲೋ ಇಳಿದಿದೆ, ತಲೆಗೂದಲು ಹೋಗಿದೆ, ಸುತ್ತ ಕುಳಿತವರೆಲ್ಲ ಕ್ಯಾನ್ಸರ್ ರೋಗಿಗಳು. ಅವರು ನಿಮ್ಮಿಂದ ಮುಚ್ಚಿಡುತ್ತಿದ್ದಾರೆ, ನೀವು ಅವರಿಂದ. ಒಂದೇ ಮನೆಯಲ್ಲಿ ಎರಡು ಗುಟ್ಟು, ವಿಷಯ ಒಂದೇ. ರೋಗದ ಹೆಸರನ್ನು ಮುಖಕ್ಕೆ ಹೊಡೆದಂತೆ ಹೇಳಬೇಕಿಲ್ಲ. "ಅಪ್ಪಾ, ಇದು ಏನಿರಬಹುದು ಎಂದು ನಿಮಗೆ ಅನ್ನಿಸುತ್ತದೆ?" ಎಂದು ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ. ಎರಡು ನಿಮಿಷ ಯಾರೂ ಮಾತಾಡದಿದ್ದರೂ ಕಾಫಿ ತರುವ ನೆಪದಲ್ಲಿ ಎದ್ದುಹೋಗಬೇಡಿ. "ನೀವೇ ನೋಡಿಕೊಳ್ಳಿ, ನನಗೇನೂ ಹೇಳಬೇಡಿ" ಎಂದರೆ ಅದೂ ಉತ್ತರವೇ, ಒತ್ತಾಯಿಸಬೇಡಿ. ಆಗಲೂ ಅವರಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾರೆ ಎಂದು ಕೇಳಬಹುದು.

ಮುಂದುವರಿಸೋಣ ಎಂದು ಅವರೇ ಹೇಳಿದರೆ ಮುಂದುವರಿಸಿ, ಗಡುವು ಹಾಕಿಕೊಂಡು. ಎರಡು ಸುತ್ತು, ನಂತರ ಸ್ಕ್ಯಾನ್. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೇ ಕಳೆಯುವಂತಾದರೆ ಸ್ಕ್ಯಾನಿಗೂ ಕಾಯಬೇಕಿಲ್ಲ. ಆ ಸ್ಥಿತಿಯಲ್ಲಿ ಕೀಮೋ ಸಹಾಯಕ್ಕಿಂತ ಹಾನಿಯನ್ನೇ ಹೆಚ್ಚು ಮಾಡುತ್ತದೆ.

ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ಕೀಮೋ ನಿಲ್ಲುತ್ತದೆ ಅಷ್ಟೆ. ಸ್ಟೆಂಟ್ ಕಟ್ಟಿಕೊಂಡು ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಆಂಟಿಬಯಾಟಿಕ್ ಕೊಡಬೇಕು, ಸ್ಟೆಂಟ್ ಬದಲಿಸಬೇಕಾಗಬಹುದು. ಮಲ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದೆಯೇ ನೋಡಿ. ಹಾಗಿದ್ದರೆ ತಿಂದ ಜಿಡ್ಡು ಜೀರ್ಣವಾಗುತ್ತಿಲ್ಲ ಎಂದರ್ಥ. ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲನ್ನು ಊಟದ ಜೊತೆಗೇ ಕೊಟ್ಟರೆ ಎಷ್ಟೋ ಸುಧಾರಿಸುತ್ತದೆ. ಇಷ್ಟು ಸಣ್ಣ ವಿಷಯ ಎಷ್ಟು ಕಡೆ ತಪ್ಪಿಹೋಗುತ್ತದೆ ಎಂದು ಹೇಳಿದರೆ ನಿಮಗೆ ಸಿಟ್ಟು ಬಂದೀತು. ಬೆನ್ನಿಗೆ ಇರಿಯುವ ನೋವಿದ್ದರೆ ಮಾರ್ಫಿನ್ ಇದೆ. ಅದಕ್ಕೂ ಬಗ್ಗದಿದ್ದರೆ ಹೊಟ್ಟೆಯ ಹಿಂಭಾಗದ ನರಗಳ ಗುಚ್ಛಕ್ಕೆ ಸೂಜಿಯ ಮೂಲಕ ಔಷಧ ಬಿಟ್ಟು ನೋವಿನ ದಾರಿಯನ್ನೇ ಮುಚ್ಚಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಮನೆಯಲ್ಲಿ ನೋಡಿಕೊಳ್ಳಲಾಗದ ಸ್ಥಿತಿ ಬಂದರೆ, ವಾಸಿಯಾಗದ ಕ್ಯಾನ್ಸರ್ ರೋಗಿಗಳಿಗಾಗಿಯೇ ಇರುವ ಬೆಂಗಳೂರಿನ ಕರುಣಾಶ್ರಯದಲ್ಲಿ ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುತ್ತಾರೆ.

ಮುಗಿಸದೆ ಬಿಟ್ಟ ನಿಮ್ಮ ಆ ವಾಕ್ಯ. ಅದರ ಕರ್ತೃ ನೀವಲ್ಲ, ರೋಗ.

ಅಣ್ಣನ ಪ್ರತಿಕ್ರಿಯೆ:

ಅಮೆರಿಕದ ಆ ಅಣ್ಣ ನಾನೇ. ತಂಗಿ ಕೊಂಡಿ ಕಳಿಸಿದಳು. ಡಾಕ್ಟರೇ, ತಾವು ಬರೆದದ್ದು ಸಮಾಧಾನದ ಮಾತು, ಒಪ್ಪುತ್ತೇನೆ. ಆದರೆ ಇಲ್ಲಿ ಜೀನ್ ಪರೀಕ್ಷೆ ಮಾಡುತ್ತಾರೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಕೊಡುತ್ತಾರೆ. ಅಲ್ಲಿ ಯಾರೂ ಅದರ ಸುದ್ದಿಯನ್ನೇ ಎತ್ತಿಲ್ಲ. ಎಲ್ಲವನ್ನೂ ಪ್ರಯತ್ನಿಸದೆ ಬಿಟ್ಟೆವು ಎಂಬ ಕೊರಗು ಸಾಯುವ ತನಕ ಇರುತ್ತದೆ.

ಉತ್ತರ:

ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಗದರುವುದಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಇಮ್ಯುನೋಥೆರಪಿ ನಾಟುವುದಿಲ್ಲ. ನೂರರಲ್ಲಿ ಒಬ್ಬರಷ್ಟು ಜನರ ಗಡ್ಡೆಯಲ್ಲಿ ಎಂಎಸ್‌ಐ ಎಂಬ ಗುರುತು ಇರುತ್ತದೆ, ಅವರಲ್ಲಿ ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ. ಬಯಾಪ್ಸಿಯ ತುಣುಕು ಆಸ್ಪತ್ರೆಯಲ್ಲೇ ಇರುತ್ತದೆ, ಅದರ ಮೇಲೆ ಈ ಪರೀಕ್ಷೆ ಮಾಡಿಸಲು ಹೇಳಿ. ಅಪ್ಪನಿಗೆ ಹೊಸದಾಗಿ ಸೂಜಿ ಚುಚ್ಚಬೇಕಿಲ್ಲ. ಬಿಆರ್‌ಸಿಎ ಎಂಬ ಜೀನಿನ ದೋಷಕ್ಕೆ ಒಲಾಪರಿಬ್ ಎಂಬ ಮಾತ್ರೆಯಿದೆ ಎಂದು ಓದಿರುತ್ತೀರಿ. ಅದು ಆಕ್ಸಾಲಿಪ್ಲಾಟಿನ್‌ನಂಥ ಪ್ಲಾಟಿನಂ ಕೀಮೋದಲ್ಲಿ ರೋಗ ಹತೋಟಿಯಲ್ಲಿರುವಾಗ ಕೊಡುವಂಥದ್ದು. ಇಲ್ಲಿ ರೋಗ ಅದನ್ನು ದಾಟಿಬಿಟ್ಟಿದೆ. ಎಂಎಸ್‌ಐ ಫಲಿತಾಂಶ ಬಂದ ಮೇಲೆ ಆ ಬಾಗಿಲು ತೆರೆದಿದ್ದರೆ ಒಳಗೆ ಹೋಗೋಣ, ಮುಚ್ಚಿದ್ದರೆ ತಟ್ಟುತ್ತಾ ನಿಲ್ಲುವುದು ಬೇಡ.

ಇನ್ನೊಂದು ಮಾತು, ಕಹಿ ಎನಿಸಿದರೆ ಕ್ಷಮಿಸಿ. ಕೊನೆಯ ಗಳಿಗೆಗೆಂದು ರಜೆ ಉಳಿಸಿಟ್ಟುಕೊಳ್ಳಬೇಡಿ. ಅವರು ಜಗಲಿಯಲ್ಲಿ ಕೂರುವ ಶಕ್ತಿ ಇರುವಾಗಲೇ ಬನ್ನಿ. ಐಸಿಯುವಿನ ಗಾಜಿನಾಚೆಯಿಂದ ನೋಡಲು ಟಿಕೆಟ್ ತೆಗೆಸಿದವರನ್ನು ಬಹಳ ಕಂಡಿದ್ದೇನೆ. ಬರುವ ತನಕ ಫೋನಿನಲ್ಲಿ "ಎಷ್ಟು ಇಡ್ಲಿ ತಿಂದಿರಿ?" ಎಂದು ಕೇಳಬೇಡಿ. ಈ ರೋಗದಲ್ಲಿ ಹಸಿವನ್ನು ರೋಗವೇ ಕೊಲ್ಲುತ್ತದೆ. ತಿನ್ನದವರಿಗೆ ಆ ಪ್ರಶ್ನೆ ದಿನಕ್ಕೆ ಮೂರು ಸಲ ಪರೀಕ್ಷೆ ಬರೆಸಿದ ಹಾಗೆ.

ಮೈಸೂರಿನ ಸದಸ್ಯೆಯೊಬ್ಬರು:

ನನ್ನ ಯಜಮಾನರಿಗೆ ಶ್ವಾಸಕೋಶದ ಕ್ಯಾನ್ಸರ್. ಮಾರ್ಫಿನ್ ಬರೆದುಕೊಟ್ಟಿದ್ದಾರೆ. ಅದನ್ನು ಶುರು ಮಾಡಿದರೆ ಬೇಗ ಹೋಗಿಬಿಡುತ್ತಾರೆ ಎಂದು ನಾದಿನಿ ಮಾತ್ರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಉತ್ತರ:

ಬೀರು ತೆಗೆಸಿ. ನೋವಿಗೆ ತಕ್ಕಷ್ಟು ಪ್ರಮಾಣದಲ್ಲಿ, ಹೊತ್ತುಹೊತ್ತಿಗೆ ಕೊಟ್ಟ ಮಾರ್ಫಿನ್ ಆಯಸ್ಸನ್ನು ಕತ್ತರಿಸುವುದಿಲ್ಲ, ಚಟ ಹಿಡಿಯುವುದೂ ತೀರ ಅಪರೂಪ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇದ್ದೀತು, ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಅದಕ್ಕೆ ಮಾತ್ರೆಯನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕು. ಬಹಳ ಕಾಲ ನಮ್ಮ ದೇಶದಲ್ಲಿ ಮಾರ್ಫಿನ್ ಇಡಲು ಒಂದಲ್ಲ, ಹಲವು ಪರವಾನಗಿ ಬೇಕಿತ್ತು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಸರಳ ಮಾಡಿದರು. ಕಾನೂನು ಬಿಟ್ಟುಕೊಟ್ಟದ್ದನ್ನು ಮನೆಯ ಬೀರು ಹಿಡಿದಿಟ್ಟುಕೊಳ್ಳುವುದು ಬೇಡ.

ಅಂದಹಾಗೆ, ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ ಮೇಲೆ ಬಾಸ್ಟನ್ನಿನಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಉಪಶಾಮಕ ಆರೈಕೆಯನ್ನೂ ಪಡೆದವರು ಕೊನೆಗಾಲದಲ್ಲಿ ಕಡಿಮೆ ಕೀಮೋ ಪಡೆದರೂ ಹೆಚ್ಚು ಕಾಲ ಬದುಕಿದ್ದರು: 11.6 ತಿಂಗಳು, ಉಳಿದವರು 8.9. ನಾದಿನಿಗೆ ಇದನ್ನೂ ಓದಿ ಹೇಳಿ.

ಶಿವಮೊಗ್ಗ ಕಡೆಯವರೊಬ್ಬರು:

ನಾಟಿ ಔಷಧದ ಮರದ ಚಕ್ಕೆ ಕಷಾಯ ಕೊಡಿಸಬಹುದೇ?

ಉತ್ತರ:

ಕೀಮೋ ನಡೆಯುವಾಗ ಬೇಡ, ಲಿವರ್ ಎರಡನ್ನೂ ಒಟ್ಟಿಗೆ ಹೊರಲಾರದು. ಉಳಿದಂತೆ, ರೋಗಿಗೇ ಮನಸ್ಸಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ ಮುಂದುವರಿಯಿರಿ. ರೋಗಿಯನ್ನು ಮಾತ್ರ ಆ ಔಷಧಕ್ಕಾಗಿ ರಾತ್ರಿಯಿಡೀ ಸರದಿಯಲ್ಲಿ ಕೂರಿಸಬೇಡಿ.

ಇನ್ನೊಬ್ಬ ಸದಸ್ಯರು:

ವೆಂಟಿಲೇಟರ್ ಬೇಡ ಎಂದು ಮೊದಲೇ ಬರೆದಿಡಬಹುದೇ?

ಉತ್ತರ:

ಬರೆದಿಡಬಹುದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ವಿಧಾನ ಬಹಳ ತೊಡಕಿನದಾಗಿತ್ತು. 2023ರ ಜನವರಿಯಲ್ಲಿ ಸಡಿಲಿಸಿ, ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು ಎಂದಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಇದು ಮಾತಾಡುವ ಸ್ಥಿತಿಯಲ್ಲಿ ಇಲ್ಲದ ದಿನಕ್ಕಾಗಿ. ಎಚ್ಚರವಿರುವ ಮನುಷ್ಯ ಕೀಮೋ ಬೇಡ ಎನ್ನಲು ಯಾವ ಪತ್ರವೂ ಬೇಕಿಲ್ಲ.

ಮೊದಲು ಕೇಳಿದ ಮಗಳು, ಹನ್ನೆರಡು ದಿನಗಳ ನಂತರ:

ಡಾಕ್ಟರೇ, ಕೇಳಿದೆ. ಸುಮ್ಮನೆಯೂ ಕೂತೆ. ಅಪ್ಪ ರೋಗದ ಹೆಸರು ಎತ್ತಲೇ ಇಲ್ಲ. "ಬಿಲ್ಲುಗಳನ್ನೆಲ್ಲ ತೆಗೆದುಕೊಂಡು ಬಾ" ಎಂದರು. ಎರಡು ಸಂಜೆ ಕೂತು, ಜೋಮು ಹಿಡಿದ ಬೆರಳಿನಲ್ಲಿ ಪೆನ್ನು ಜಾರುತ್ತಿದ್ದರೂ, ತಾರೀಖಿನ ಪ್ರಕಾರ ಹಳೆಯ ಪುಸ್ತಕವೊಂದರಲ್ಲಿ ಬರೆದು ಕೂಡಿಸಿದರು. ಮೊತ್ತದ ಕೆಳಗೆ ಎರಡು ಗೆರೆ ಎಳೆದು, "ಇನ್ನು ಸಾಕು" ಎಂದರು. ಎಂಎಸ್‌ಐ ಪರೀಕ್ಷೆ ಮಾಡಿಸಿದೆವು, ಇಲ್ಲ ಎಂದು ಬಂತು. ಆಸ್ಪತ್ರೆಯ ಡಾಕ್ಟರನ್ನೂ ಬಾಗಿಲು ಹಾಕಿಕೊಂಡೇ ಕೇಳಿದೆ. "ಮೂರು ತಿಂಗಳು ಹಿಡಿದಿಟ್ಟರೆ ದೊಡ್ಡದು" ಎಂದರು. ಅಣ್ಣ ಹದಿನೆಂಟರಂದು ಬರುತ್ತಿದ್ದಾನೆ.

ಉತ್ತರ:

ಕೇಳಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಆದರೆ ಆ ಎರಡು ಗೆರೆಗಳ ಮೇಲೆ ಇನ್ನೂ ಸಹಿ ಹಾಕಬೇಡಿ. "ಸಾಕು" ಎಂದದ್ದು ದೇಹವೋ, ದುಡ್ಡೋ? ಮಕ್ಕಳಿಗೆ ಹೊರೆಯಾಗಬಾರದೆಂದು ಬೇಡ ಎನ್ನುವ ತಂದೆಯರನ್ನು ದಿನವೂ ನೋಡುತ್ತೇನೆ. ಜೆಮ್‌ಸಿಟಬಿನ್ ಒಂದನ್ನೇ ಹಾಸನದಲ್ಲಿ ಪಡೆದರೆ ಖರ್ಚು ಬಹಳ ಇಳಿಯುತ್ತದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವಿಚಾರಿಸಿ. ಈ ವಿವರಗಳನ್ನು ಅವರ ಮುಂದಿಟ್ಟು, ದುಡ್ಡಿನ ಚಿಂತೆ ಇಲ್ಲದಿದ್ದರೂ ಸಾಕೇ ಎಂದು ಒಮ್ಮೆ ಕೇಳಿ. ಒಮ್ಮೆ ಮಾತ್ರ.

ಮಗಳು:

ಕೇಳಿದೆ. "ದುಡ್ಡೂ ಹೌದು, ದಾರಿಯೂ ಹೌದು. ಹಾಸನದ್ದೂ ದಾರಿಯೇ" ಎಂದರು. ಆಮೇಲೆ ಅಣ್ಣ ಬರುವಾಗ ಶೇವಿಂಗ್ ಬ್ಲೇಡು ತರಲು ಹೇಳು ಎಂದರು. ನೋವಿಗೆ ಇಲ್ಲಿನ ಡಾಕ್ಟರು ಮಾರ್ಫಿನ್ ಶುರು ಮಾಡಿದ್ದಾರೆ, ನಾಲ್ಕು ಗಂಟೆಗೊಮ್ಮೆ.

ಉತ್ತರ:

ಹಾಗಿದ್ದರೆ ಆಯಿತು. ಮಲಬದ್ಧತೆಯ ಮಾತ್ರೆ ರಾತ್ರಿ ಮಲಗುವ ಮುನ್ನ, ತಪ್ಪಿಸಬೇಡಿ. ಕ್ಯಾಪ್ಸೂಲ್ ಊಟದ ಮೊದಲ ತುತ್ತಿನ ಜೊತೆ. ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಹಾಸನಕ್ಕೆ ಹೊರಡಿ, ಆ ದಾರಿಗೆ ಅವರೂ ಬೇಡ ಎನ್ನಲಿಕ್ಕಿಲ್ಲ. ಬ್ಲೇಡಿನ ಜೊತೆ ಮೃದುವಾದ ಬ್ರಷ್ಷೂ ಇರಲಿ. ಗಡ್ಡವನ್ನು ಅಣ್ಣನೇ ಮಾಡಲಿ.