ಪದಚರ್ಚೆ: ಮಜ್ಜಿಗೆ ಹುಲ್ಲು ಎನ್ನೋಣವೇ, ನಿಂಬೆ ಹುಲ್ಲು ಎನ್ನೋಣವೇ?

ಎಲ್ಲರಿಗೂ ನಮಸ್ಕಾರ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯ ಟೆರೇಸಿನ ಮೇಲೆ 14 ಕುಂಡಗಳಿವೆ. ಭಾನುವಾರ ಅಲ್ಲೇ ಕೂತು 8 ಮಕ್ಕಳಿಗೆ ಕನ್ನಡ ಓದು ಬರಹ ಹೇಳಿಕೊಡುತ್ತೇನೆ. ಈ ಸಲ ಪಾಠದ ಬದಲು ಒಂದು ಕೆಲಸ ಕೊಟ್ಟೆ. ಪ್ರತಿ ಕುಂಡಕ್ಕೂ ಕನ್ನಡದಲ್ಲಿ ಹೆಸರಿನ ಬೋರ್ಡು ಬರೆಯಬೇಕು. ತುಳಸಿ, ಕರಿಬೇವು, ದೊಡ್ಡಪತ್ರೆ ಸಲೀಸಾಗಿ ಮುಗಿದವು. ನಿಂಬೆಯ ಘಮ ಇರುವ ಗಿಡಗಳ ಹತ್ತಿರ ಬಂದಾಗ ಕೆಲಸ ನಿಂತಿತು.

ಅದರಲ್ಲೂ ಮೂಲೆಯ ದೊಡ್ಡ ಕುಂಡದ ಹುಲ್ಲು. ಒಬ್ಬಳು 'ಲೆಮನ್‌ಗ್ರಾಸ್' ಅಂದಳು. ಬೆಂಗಳೂರಿನಿಂದ ಹೋದ ವರ್ಷ ಬಂದ ಹುಡುಗ 'ನಿಂಬೆ ಹುಲ್ಲು' ಅಂದ. ಇಲ್ಲೇ ಹುಟ್ಟಿ ಬೆಳೆದ ಇನ್ನೊಬ್ಬ 'ಹಳ್ಳಿ ಚಹಾ' ಎಂದು ಬರೆದೇಬಿಟ್ಟ. ನನ್ನ ಬಾಯಿಗೆ ಬಂದದ್ದು 'ಮಜ್ಜಿಗೆ ಹುಲ್ಲು'. ಮಕ್ಕಳು ಮುಖ ಮುಖ ನೋಡಿಕೊಂಡರು. ಇದರಲ್ಲಿ ಮಜ್ಜಿಗೆ ಎಲ್ಲಿಂದ ಬಂತು ಅಂತ ಕೇಳಿದರು. ಆ ಪ್ರಶ್ನೆಯನ್ನೇ ಇಲ್ಲಿಗೆ ತಂದಿದ್ದೇನೆ.

ಮೊದಲು 'ಹಳ್ಳಿ ಚಹಾ' ನೋಡೋಣ. ಹುಡುಗ ಸುಮ್ನೆ ಬರೆದದ್ದಲ್ಲ. ಮರಾಠಿಯಲ್ಲಿ ಈ ಹುಲ್ಲಿಗೆ ಗವತಿ ಚಹಾ ಎನ್ನುತ್ತಾರೆ. ಮಾತಿನಲ್ಲಿ ಅದು ಗೌತಿ ಚಹಾ ಆಗುತ್ತದೆ. ಅವನಿಗೆ ಅದು 'ಗಾವಠಿ ಚಹಾ' ಎಂದು ಕೇಳಿಸಿದೆ. ಗಾವಠಿ ಅಂದರೆ ಹಳ್ಳಿಯದು, ನಾಟಿ. ಇಲ್ಲಿ ನಾಟಿ ಕೋಳಿಗೂ ಅದೇ ಮಾತು. ಆದರೆ ಗವತ ಅಂದರೆ ಹುಲ್ಲು. ಗವತಿ ಚಹಾ ಅಂದರೆ ಹುಲ್ಲಿನ ಚಹಾ, ಅಷ್ಟೇ. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಇವೆರಡನ್ನು ಬೆರೆಸುವುದನ್ನು ಸಂತೆಯಲ್ಲಿ ಕೇಳಿದ್ದೇನೆ.

ಮಳೆ ಶುರುವಾದರೆ ಸಾಕು, ಶುಂಠಿ ಪುದೀನದ ಜೊತೆ ಈ ಹುಲ್ಲಿನ ಕಟ್ಟೂ ತರಕಾರಿ ಗಾಡಿಯ ಮೇಲೆ ಬರುತ್ತದೆ. ಗುಜರಾತಿ ಹೆಂಗಸರು 'ಲೀಲೀ ಚಾ' ಅಂತ ಕೇಳುತ್ತಾರೆ. ಲೀಲೀ ಅಂದರೆ ಹಸಿರು. ಹಿಂದಿಯವರು 'ಹರೀ ಚಾಯ್ ಪತ್ತಿ' ಎನ್ನುತ್ತಾರೆ. ಮೂರರಲ್ಲೂ ಚಹಾ ಇದೆ, ನಿಂಬೆ ಇಲ್ಲ. ಕೊಳ್ಳುವವರೆಲ್ಲ ಚಹಾಕ್ಕೇ ಕೊಳ್ಳುತ್ತಾರೆ. ಹಾಗಾಗಿ ಹೆಸರೂ ಚಹಾದ್ದೇ.

ತೆಲುಗಿನವರು ನಿಮ್ಮಗಡ್ಡಿ ಎನ್ನುತ್ತಾರೆ. ಅದು ನೇರವಾಗಿ ನಿಂಬೆ ಹುಲ್ಲೇ. ಮಲಯಾಳದಲ್ಲಿ ಇಂಚಿಪ್ಪುಲ್ಲು, ಅಂದರೆ ಶುಂಠಿ ಹುಲ್ಲು. ಕೇರಳದಲ್ಲಿ ಒಂದು ಕಾಲಕ್ಕೆ ಇದರ ಎಣ್ಣೆ ದೊಡ್ಡ ವ್ಯಾಪಾರವಾಗಿತ್ತು. ಎಣ್ಣೆಗೆ ಪುಲ್‌ತೈಲಂ ಎಂದು ಹೆಸರು, ನಮ್ಮ ಮಾತಿನಲ್ಲಿ ಹುಲ್ಲೆಣ್ಣೆ. ಎರ್ನಾಕುಲಂ ಜಿಲ್ಲೆಯ ಓಡಕ್ಕಾಲಿಯಲ್ಲಿ 1951ರಲ್ಲೇ ಈ ಹುಲ್ಲಿಗೆಂದು ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ ಬಂದ ಒಂದು ತಳಿಯ ಹೆಸರು 'ಸುಗಂಧಿ'. ಎಣ್ಣೆಗೆ ಬೆಳೆಯುವುದು ಬೇರೆ ಜಾತಿ, ನಮ್ಮ ಕುಂಡದಲ್ಲಿರುವುದು ಅದರ ಹತ್ತಿರದ ನೆಂಟ. ಕುಂಡದ ಜಾತಿ ಹೂ ಬಿಡುವುದೇ ಅಪರೂಪ.

ಈಗ ನಮ್ಮ ಮಜ್ಜಿಗೆ. ನನ್ನ ತವರು ಸಾಗರದ ಕಡೆ. ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ಈ ಹುಲ್ಲಿನ ದೊಡ್ಡ ಬುಡ ಇತ್ತು. ಬೇಸಿಗೆಯಲ್ಲಿ ಹನ್ನೊಂದು ಗಂಟೆ ಹೊತ್ತಿಗೆ ಅಜ್ಜಿ ಎರಡು ಎಲೆ ಕೊಯ್ದು ತರುತ್ತಿದ್ದರು. ತೊಳೆದು, ಎರಡು ಬೆರಳಿಗೆ ಸುತ್ತಿ, ತುದಿಯನ್ನು ಒಳಗೆ ತೂರಿಸಿ ಗಂಟು ಹಾಕುತ್ತಿದ್ದರು. ಆ ಗಂಟನ್ನು ಗುಂಡುಕಲ್ಲಿನಿಂದ ಒಂದೇ ಒಂದು ಸಲ ಜಜ್ಜಿ, ಉಪ್ಪು ಇಂಗು ಹಾಕಿದ ನೀರು ಮಜ್ಜಿಗೆಯೊಳಗೆ ಬಿಡುತ್ತಿದ್ದರು. ಗಂಟು ಯಾಕೆ ಗೊತ್ತಾ? ಈ ಎಲೆಯ ಅಂಚು ಗರಗಸದ ಹಾಗೆ. ಬಿಡಿ ಎಲೆ ಲೋಟಕ್ಕೆ ಬಂದರೆ ತುಟಿ ಕೊಯ್ಯುತ್ತದೆ. ಅರ್ಧ ಗಂಟೆ ಬಿಟ್ಟು ಗಂಟನ್ನು ಎತ್ತಿ ಬಿಸಾಡಿದರೆ ಆಯಿತು. 'ಮಜ್ಜಿಗೆಗೆ ಹುಲ್ಲು ಹಾಕಿದ್ಯಾ?' ಎಂಬುದು ನಮ್ಮ ಮನೆಯ ದಿನದ ಮಾತು. ಆ ಮಾತೇ ಕುಗ್ಗಿ ಮಜ್ಜಿಗೆ ಹುಲ್ಲು ಆಗಿದೆ ಎಂದು ನನಗೆ ಅನಿಸುತ್ತದೆ. ಒಂದು ಮಾತು ಸೇರಿಸುತ್ತೇನೆ. ಈ ಮಜ್ಜಿಗೆಯನ್ನು ಅವತ್ತೇ ಕುಡಿದು ಮುಗಿಸಬೇಕು. ಹುಳಿಯಲ್ಲಿ ರಾತ್ರಿಯಿಡೀ ಇಟ್ಟರೆ ಆ ಘಮ ಕೆಡುತ್ತದೆ.

ನಿಂಬೆ ಗಿಡ ಇರುವ ಮನೆಗಳಲ್ಲಿ ಮಜ್ಜಿಗೆಗೆ ನಿಂಬೆ ಎಲೆ ಹಾಕುತ್ತಾರೆ. ಅದು ನಿಮಗೆಲ್ಲ ಗೊತ್ತಿರುವುದೇ. ಆ ಎಲೆ ಮಾಡುವ ಕೆಲಸವನ್ನೇ ಈ ಹುಲ್ಲೂ ಮಾಡುತ್ತದೆ. ಅಂದರೆ ನಮ್ಮ ಹಿರಿಯರಿಗೆ ಇದರ ನಿಂಬೆ ಘಮ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಹೆಸರನ್ನು ಘಮದಿಂದ ಇಡದೆ, ಬಳಸುವ ಜಾಗದಿಂದ ಇಟ್ಟರು.

'ನಿಂಬೆ ಹುಲ್ಲು' ತಪ್ಪು ಎಂದು ನಾನು ಹೇಳುವುದಿಲ್ಲ. ಪತ್ರಿಕೆಗಳಲ್ಲಿ ಅದು ನಡೆದಿದೆ, ಓದಿದವರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಮುಂಬಯಿಯಲ್ಲಿ ನಿಂಬೆ ಎಂಬ ಪದವೇ ಸ್ವಲ್ಪ ತೊಡಕು. ನಮ್ಮತ್ತೆ ವಿಜಯಪುರದ ಕಡೆಯವರು. ಅವರ ಬಾಯಲ್ಲಿ ಲಿಂಬಿ. ಆ ಜಿಲ್ಲೆಯ ಹೆಸರುವಾಸಿ ಹಣ್ಣೂ ಇಂಡಿ ಲಿಂಬೆಯೇ. ಮರಾಠಿಯಲ್ಲಿ ಲಿಂಬೂ. ಹೋದ ವರ್ಷ ಬೇಸಿಗೆಯ ಮೊದಲಿಗೆ ಅತ್ತೆ ಮಜ್ಜಿಗೆಗೆ ಎಲೆ ಬೇಕು ಎಂದರು. ಪಕ್ಕದ ಮನೆಯ ಕಾಕು ಊರಿಗೆ ಹೊರಟಿದ್ದರು. ನಿಂಬೆ ಎಲೆ ಎಂಬ ಅರ್ಥದಲ್ಲಿ 'ಲಿಂಬಾಚೀ ಪಾನೆ' ತನ್ನಿ ಎಂದು ಕೇಳಿಕೊಂಡೆ. ಅವರು ಪ್ರೀತಿಯಿಂದ ಒಂದು ಚೀಲ ತುಂಬ ಬೇವಿನ ಎಲೆ ತಂದುಕೊಟ್ಟರು. ಗುಡಿ ಪಾಡ್ವಾ ಹತ್ತಿರ ಇತ್ತು, ಹಬ್ಬಕ್ಕೆ ಎಂದುಕೊಂಡಿದ್ದರು. ಅವರ ತಪ್ಪೇನೂ ಇಲ್ಲ. ಮರಾಠಿಯಲ್ಲಿ ಬೇವಿಗೆ ಲಿಂಬ, ಕಡುಲಿಂಬ ಎನ್ನುತ್ತಾರೆ. ಲಿಂಬೂ ಪದಕ್ಕೆ ಪ್ರತ್ಯಯ ಸೇರಿದಾಗ ಅದೂ 'ಲಿಂಬಾ' ಆಗುತ್ತದೆ. ಎರಡೂ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ಸಂಸ್ಕೃತದ ನಿಂಬ ಕೂಡ ಬೇವೇ. ನಮ್ಮ ಮಕ್ಕಳು ದಿನಾ ಎರಡೂ ಭಾಷೆ ಆಡುತ್ತಾರೆ. ಬೋರ್ಡಿನ ಮೇಲೆ ಲಿಂಬೆ ಎಂದು ಬರೆದರೆ ಅವರ ಮನಸ್ಸಿಗೆ ಯಾವ ಎಲೆ ಬರಬಹುದು, ಹೇಳಿ.

ನನ್ನನ್ನು 'ಮಜ್ಜಿಗೆ ಹುಲ್ಲಿ'ನ ಕಡೆ ಗಟ್ಟಿಯಾಗಿ ನಿಲ್ಲಿಸಿದ ಸಂಗತಿ ಬೇರೆ. ಟೆರೇಸಿಗೆ ಮೊದಲು ತಂದ ಹುಲ್ಲು ಒಂದು ನರ್ಸರಿಯದು. ಲೆಮನ್‌ಗ್ರಾಸ್ ಎಂದೇ ಕೊಟ್ಟರು. ಎಲೆ ಉಜ್ಜಿದರೆ ನಿಂಬೆಯ ಹಾಗೇ ಘಮ. ಮಜ್ಜಿಗೆಗೆ ಹಾಕಿದೆ. ಒಂದು ಗುಟುಕಿಗೇ ಸಾಬೂನು ತಿಂದ ಹಾಗಾಯಿತು. ಆಮೇಲೆ ಬುಡ ಬಿಡಿಸಿ ನೋಡಿದೆ. ಕಾಂಡದ ಕೆಳಭಾಗ ಕೆಂಪಗಿತ್ತು. ಅದು ಸಿಟ್ರೊನೆಲ್ಲಾ, ಸೊಳ್ಳೆ ಓಡಿಸುವ ಎಣ್ಣೆ ತೆಗೆಯುವ ಹುಲ್ಲು. ಮಜ್ಜಿಗೆ ಹುಲ್ಲಿನ ಬುಡ ಬಿಳಿ, ಸ್ವಲ್ಪ ತಿಳಿ ಹಸಿರು. ಮೇಲಿನ ಎಲೆ ನೋಡಿ ಹೇಳುವುದು ಕಷ್ಟ, ಬುಡ ನೋಡಿದರೆ ಗೊತ್ತಾಗುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ನೂರಕ್ಕೆ 70ರಿಂದ 80 ಭಾಗ ಸಿಟ್ರಾಲ್ ಎಂಬ ಅಂಶವೇ ಇರುತ್ತದೆ. ನಿಂಬೆಯ ಘಮ ಅದರದ್ದು. ಸಿಟ್ರೊನೆಲ್ಲಾದಲ್ಲಿ ಜಾಸ್ತಿ ಇರುವುದು ಸಿಟ್ರೊನೆಲ್ಲಾಲ್ ಮತ್ತು ಜೆರಾನಿಯಾಲ್. ಮೂಗಿಗೆ ಹತ್ತಿರ ಹತ್ತಿರ, ನಾಲಿಗೆಗೆ ತುಂಬ ದೂರ.

ಈಗ ಯೋಚಿಸಿ. 'ನಿಂಬೆ ಹುಲ್ಲು' ಎಂಬ ಹೆಸರು ಈ ಎರಡಕ್ಕೂ ಒಪ್ಪುತ್ತದೆ. 'ಮಜ್ಜಿಗೆ ಹುಲ್ಲು' ಒಂದಕ್ಕೇ ಒಪ್ಪುತ್ತದೆ. ಇದನ್ನು ಕುಡಿಯಬಹುದು, ಇಂಥದಕ್ಕೆ ಹಾಕಬಹುದು ಎಂದು ಹೆಸರೇ ಹೇಳಿಕೊಡುತ್ತದೆ. ಗವತಿ ಚಹಾ ಕೂಡ ಇದೇ ಕೆಲಸ ಮಾಡುತ್ತದೆ, ಅಲ್ವಾ? ಅದಕ್ಕೇ ನನಗೆ ಆ ಮರಾಠಿ ಹೆಸರೂ ಇಷ್ಟ.

ಘಮಕ್ಕೆ ಯಾವ ಪದ ಬಳಸಬೇಕು ಎಂಬುದರಲ್ಲೂ ಮಕ್ಕಳಲ್ಲಿ ಚರ್ಚೆಯಾಯಿತು. ಉಡುಪಿ ಕಡೆಯ ಮನೆಯ ಹುಡುಗಿ 'ಪರಿಮಳ' ಎಂದೇ ಹೇಳುತ್ತಾಳೆ, ಅವಳಿಗೆ ಅದು ಪುಸ್ತಕದ ಪದವಲ್ಲ. ನಾನು 'ವಾಸನೆ' ಅಂದದ್ದಕ್ಕೆ ಮೂಗು ಮುಚ್ಚಿಕೊಂಡಳು.

ಇನ್ನೆರಡು ಕುಂಡಗಳಿವೆ. ಒಂದರಲ್ಲಿ ನಿಂಬೆ ಘಮದ ಬೇಸಿಲ್. ಇದಕ್ಕೆ 'ನಿಂಬೆ ತುಳಸಿ' ಎಂದು ಮಾರುತ್ತಾರೆ. ಅತ್ತೆ ಒಪ್ಪಲಿಲ್ಲ. ಪೂಜೆ ಮಾಡುವ ಹೆಸರನ್ನು ಸಾರಿಗೆ ಕಿತ್ತು ಹಾಕುವ ಸೊಪ್ಪಿಗೆ ಇಡಬೇಡ ಎಂದರು. ಗಿಡದ ಹುಟ್ಟು ನೋಡಿದರೂ ಅವರ ಮಾತೇ ಸರಿ. ಇದು ಕಾಮಕಸ್ತೂರಿ ಮತ್ತು ನಾಯಿತುಳಸಿ ಸೇರಿ ಆದ ಮಿಶ್ರ ತಳಿ. ಕಾಮಕಸ್ತೂರಿ ಬೀಜವೇ ಇಲ್ಲಿ ಸಬ್ಜಾ, ಫಲೂದಾಕ್ಕೆ ಹಾಕುತ್ತಾರಲ್ಲ, ಅದು. ಹಾಗಾಗಿ 'ನಿಂಬೆ ಕಾಮಕಸ್ತೂರಿ' ಎಂದು ಬರೆಯುವ ಆಸೆ. ಇಲ್ಲಿ ಘಮದ ಹೆಸರು ಸೇರಿಸದೆ ಬೇರೆ ದಾರಿಯಿಲ್ಲ, ಬರೀ ಕಾಮಕಸ್ತೂರಿ ಪಕ್ಕದ ಕುಂಡದಲ್ಲೇ ಇದೆ.

ಇನ್ನೊಂದು ಲೆಮನ್ ಬಾಮ್. ನೋಡಲು ಪುದೀನ, ಮೂಸಿದರೆ ನಿಂಬೆ. ಮುಂಬಯಿಯ ಮೇ ತಿಂಗಳನ್ನು ಅದು ತಡೆಯುವುದೇ ಕಷ್ಟ. 'ಬಾಮ್' ಎಂದರೆ ಮಕ್ಕಳಿಗೆ ತಲೆನೋವಿನ ಮುಲಾಮು. ನಮ್ಮ ಅಡುಗೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಹಾಗಾಗಿ ಹೆಸರೂ ಹುಟ್ಟಿಲ್ಲ. ಸದ್ಯಕ್ಕೆ 'ನಿಂಬೆ ಪುದೀನ' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ.

ಕೊನೆಗೆ ಇನ್ನೊಂದು ಪದ. ಹುಲ್ಲು ಚೆನ್ನಾಗಿ ಬಂದ ಮೇಲೆ ಅಕ್ಕಪಕ್ಕದವರು ಕೇಳತೊಡಗಿದರು. 'ಒಂದು ಗಿಡ ಕೊಡಿ' ಅನ್ನುತ್ತಾರೆ. ಇದು ಗಿಡ ಅಲ್ಲವಲ್ಲ. ಭತ್ತ, ರಾಗಿಯ ಬುಡದಲ್ಲಿ ಒಡೆಯುವ ಮರಿಗೆ ತೆಂಡೆ ಎನ್ನುತ್ತೇವೆ. ಈ ಹುಲ್ಲೂ ತೆಂಡೆ ಹೊಡೆದೇ ಹರಡುವುದು. ಬೇರಿನ ಸಮೇತ ಒಂದು ತೆಂಡೆ ಬಿಡಿಸಿ, ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ, ನೀರು ನಿಲ್ಲದ ಮಣ್ಣಿಗೆ ನೆಟ್ಟರೆ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ. ಮಕ್ಕಳು 'ತೆಂಡೆ' ಎಂಬ ಪದವನ್ನು ಅವತ್ತೇ ಕಲಿತರು. ಈಗ ಕೆಳಗಿನ ಮಹಡಿಯ ಮರಾಠಿ ಮಕ್ಕಳೂ ಬಂದು ತೆಂಡೆ ಕೇಳುತ್ತಾರೆ.

ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಮನೆಯಲ್ಲಿ ಈ ಹುಲ್ಲಿಗೆ ಏನು ಹೆಸರು? ಮಜ್ಜಿಗೆ ಹುಲ್ಲು ಎನ್ನುವವರು ನಿಜವಾಗಿ ಮಜ್ಜಿಗೆಗೆ ಹಾಕುತ್ತೀರಾ, ತಂಬುಳಿ ಕಷಾಯಕ್ಕೂ ಉಂಟಾ? ಮೈಸೂರು, ಬೀದರ್, ಕೊಡಗಿನ ಕಡೆಯವರು ದಯವಿಟ್ಟು ಬರೆಯಿರಿ. ತುಳು, ಕೊಂಕಣಿ, ಹವ್ಯಕ ಮನೆಮಾತಿನ ಪದ ಇದ್ದರೆ ಅದನ್ನೂ ಉಚ್ಚರಿಸುವ ಹಾಗೇ ಬರೆಯಿರಿ. ತೆಂಡೆಗೆ ನಿಮ್ಮ ಊರಿನಲ್ಲಿ ಬೇರೆ ಮಾತಿದ್ದರೆ ಅದೂ ಬೇಕು.

ಬೋರ್ಡಿಗೆ ಬಣ್ಣ ಹಚ್ಚುವುದು ಬರುವ ಭಾನುವಾರ. ಅಲ್ಲಿಯವರೆಗೆ ಮೂಲೆಯ ಕುಂಡದ ಬೋರ್ಡು ಖಾಲಿ ಇಟ್ಟಿದ್ದೇನೆ. ಮುಂಬಯಿಯ ಗೆಳೆಯರು ಡೊಂಬಿವಲಿ ಕಡೆ ಬಂದರೆ ಹೇಳಿ, ಬಿಳಿ ಬುಡದ್ದೇ ಎರಡು ತೆಂಡೆ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇನೆ.