ಇಂಗ್ಲಿಷ್ ವಾಕ್ಯದಲ್ಲಿ ವರ್ಬ್ ಗುರುತಿಸೋಕೆ ಮಗಳಿಗೆ ಹೇಗೆ ಹೇಳಿಕೊಡೋದು?

ಮಂಡ್ಯದ ಅಮ್ಮ:
ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. 'ದಿ ವಾಟರ್ ರಿಲೀಸ್ಡ್ ಫ್ರಮ್ ಕೆಆರ್‌ಎಸ್ ರೀಚ್ಡ್ ಮಂಡ್ಯ' ಅಂದ್ರೆ 'ರಿಲೀಸ್ಡ್' ಕೆಳಗೆ ಗೆರೆ ಎಳೀತಾಳೆ. 'ಹರ್ ಫಾದರ್ ಈಸ್ ಎ ಫಾರ್ಮರ್' ಅಂದ್ರೆ ಇದರಲ್ಲಿ ವರ್ಬೇ ಇಲ್ಲ ಅಂತಾಳೆ. 'ಕೆಲಸ ತೋರಿಸೋ ಪದ ವರ್ಬ್' ಅಂತ ಬಾಯಿಪಾಠ ಆಗಿದೆ. ಬೇರೆ ದಾರಿ ಇದ್ಯಾ?

ಮೈಸೂರು ಮೇಷ್ಟ್ರು:
ತೊಡಕಿರೋದು ಆ ಬಾಯಿಪಾಠದಲ್ಲೇ ಮೇಡಂ. ಅರ್ಥ ಹುಡುಕೋದು ಬಿಡಿಸಿ, ಕಾಲ ಬದಲಾಯಿಸಿ ಬರೆಸಿ. ಮುಂದೆ 'ಟುಮಾರೋ' ಸೇರಿಸಿದ್ರೆ 'ದಿ ವಾಟರ್ ರಿಲೀಸ್ಡ್ ಫ್ರಮ್ ಕೆಆರ್‌ಎಸ್ ವಿಲ್ ರೀಚ್ ಮಂಡ್ಯ' ಆಗುತ್ತೆ. 'ರೀಚ್ಡ್' ಬದಲಾಯ್ತು, 'ರಿಲೀಸ್ಡ್' ಅಲ್ಲಾಡಲಿಲ್ಲ. ಬದಲಾಗಿದ್ದೇ ವಾಕ್ಯದ ಮುಖ್ಯ ವರ್ಬ್. ಕನ್ನಡದಲ್ಲೂ 'ಬಿಟ್ಟ ನೀರು ಮಂಡ್ಯ ತಲುಪಿತು' ಅನ್ನೋದರಲ್ಲಿ 'ಬಿಟ್ಟ' ಕೃದಂತ, ಅದರಿಂದ ವಾಕ್ಯ ಮುಗಿಯಲ್ಲ. ಕೃದಂತ ಕನ್ನಡ ವ್ಯಾಕರಣದಲ್ಲಿ ಓದಿದ್ರೆ ಅಲ್ಲಿಂದಲೇ ಶುರು ಮಾಡಿ.

'ಅವಳಪ್ಪ ರೈತ' ಅನ್ನೋಕೆ ನಮಗೆ ಕ್ರಿಯಾಪದ ಬೇಡ, ಅದಕ್ಕೇ 'ಈಸ್' ಅವಳ ಕಣ್ಣಿಗೆ ಬೀಳ್ತಿಲ್ಲ. 'ಲಾಸ್ಟ್ ಇಯರ್' ಹಾಕಿಸಿ, 'ಈಸ್' ಹೋಗಿ 'ವಾಸ್' ಬರುತ್ತೆ. ಆಮ್, ಈಸ್, ಆರ್, ವಾಸ್, ವರ್ ಕಂಡ ಕೂಡಲೇ ಗೆರೆ ಎಳೆಯೋದು ರೂಢಿಯಾಗಲಿ. 'ಈಸ್ ವರ್ಕಿಂಗ್' ಅಂತಿದ್ರೆ ಎರಡಕ್ಕೂ ಸೇರಿಸಿ ಎಳೀಬೇಕು.

ಕಬ್ಬಿನೂರು:
ಮೇಷ್ಟ್ರು ಹೇಳಿದ್ದು ಸರಿ. ಆದ್ರೆ ಪಾಸ್ಟ್‌ಗೆ ಹಾಕಿ ನೋಡುವಾಗ ಕಟ್, ಪುಟ್, ಹಿಟ್ ಬದಲಾಗಲ್ಲ. ಅಲ್ಲಿ 'ಐ' ತೆಗೆದು 'ಹಿ' ಹಾಕಿ: 'ಐ ಕಟ್ ಕೇನ್ ಎವ್ರಿ ಇಯರ್' ಹೋಗಿ 'ಹಿ ಕಟ್ಸ್' ಆಗುತ್ತೆ.

'ಇಂಗ್' ನೋಡಿ ಮೋಸ ಹೋಗೋದು ಇನ್ನೂ ಜಾಸ್ತಿ. 'ಕಟಿಂಗ್ ಕೇನ್ ಈಸ್ ಹಾರ್ಡ್ ವರ್ಕ್' ಅನ್ನೋದರಲ್ಲಿ ವರ್ಬ್ 'ಈಸ್' ಮಾತ್ರ. 'ಕಟಿಂಗ್' ಅಂದ್ರೆ ಕಡಿಯೋದು, ನಾಮಪದದ ಜಾಗದಲ್ಲಿ ಕೂತಿದೆ. 'ಹಿ ವೆಂಟ್ ಟು ಮದ್ದೂರ್ ಟು ಬೈ ಸೀಡ್ಸ್' ಇದರಲ್ಲಿ ಮೊದಲನೇ 'ಟು' ಪ್ರಿಪೊಸಿಷನ್, ನಮ್ಮ 'ಗೆ' ಪ್ರತ್ಯಯದ ಕೆಲಸ. 'ಟು ಬೈ' ಅಂದ್ರೆ 'ಕೊಳ್ಳೋಕೆ', ಕಾಲ ಯಾವುದಾದ್ರೂ ಹಾಗೇ ಇರುತ್ತೆ.

ವ್ಯಾಕರಣಪ್ರಿಯೆ:
ಉಳಿದ ಪದಗಳಿಗೆ ಜಾಗ ನೋಡೋದೇ ನಂಬಿಕಸ್ಥ ದಾರಿ. 'ದಿ ವಾಟರ್' ನೌನ್, 'ದೇ ವಾಟರ್ ದಿ ಫೀಲ್ಡ್' ಅಂದಾಗ ಅದೇ ವರ್ಬ್. 'ಎ ಫಾಸ್ಟ್ ಬಸ್' ಅಡ್ಜೆಕ್ಟಿವ್, 'ದಿ ಬಸ್ ವೆಂಟ್ ಫಾಸ್ಟ್' ಅಡ್ವರ್ಬ್. ಕನ್ನಡಕ್ಕೆ ತಿರುಗಿಸಿದಾಗ 'ಆಗಿ' ಬಂದ್ರೆ ಅಡ್ವರ್ಬ್ ಅಂತ ಕೆಲವರು ಹೇಳಿಕೊಡ್ತಾರೆ, ದಯವಿಟ್ಟು ಅದನ್ನ ಕಣ್ಮುಚ್ಚಿ ನಂಬಬೇಡಿ. 'ದಿ ಮ್ಯಾಂಗೋ ಈಸ್ ಸ್ವೀಟ್' ಕನ್ನಡದಲ್ಲಿ 'ಸಿಹಿಯಾಗಿದೆ', ಆದ್ರೂ 'ಸ್ವೀಟ್' ಅಡ್ಜೆಕ್ಟಿವ್. ಕೊನೇಲಿ 'ಲಿ' ಇದ್ರೂ 'ಫ್ರೆಂಡ್ಲಿ' ಅಡ್ಜೆಕ್ಟಿವೇ.

ಮಂಡ್ಯದ ಅಮ್ಮ:
ತುಂಬಾ ಉಪಕಾರ ಆಯ್ತು. ಒಂದೇ ವಾಕ್ಯದಲ್ಲಿ ಎರಡು ಪದ ಬದಲಾದ್ರೆ?

ಮೈಸೂರು ಮೇಷ್ಟ್ರು:
ಎರಡಕ್ಕೂ ಗೆರೆ ಎಳೀಲಿ. 'ಐ ನೋ ದಟ್ ಹಿ ಲಿವ್ಸ್ ಇನ್ ಪಾಂಡವಪುರ' ಪಾಸ್ಟ್‌ಗೆ ಹೋದ್ರೆ 'ನ್ಯೂ', 'ಲಿವ್ಡ್' ಎರಡೂ ಬರುತ್ತೆ. ಒಂದು ವಾಕ್ಯದೊಳಗೆ ಎರಡು ಕಿರುವಾಕ್ಯ (clause) ಇದ್ದಾಗ ವರ್ಬೂ ಎರಡು.